ತೋಪಿನ ಬಲಿಮರಗಳು

ಊರಿನವರಿಗೆ ಅವಳು ತೊಗಟೆಯಕ್ಕ. ಅಪ್ಪ ಅಮ್ಮ ಇಟ್ಟ ಹೆಸರು ಅರಣ್ಯ ಇಲಾಖೆಯ ಕಾಗದದಲ್ಲಿ ತೆಪ್ಪಗೆ ಕೂತಿತ್ತು. ಆ ಹೆಸರು ಹಿಡಿದು ಯಾರಾದರೂ ಕೂಗಿದರೆ ಅವಳೇ ಹಿಂತಿರುಗಿ ನೋಡುತ್ತಿರಲಿಲ್ಲವೇನೋ. ಕಾಡಿಗೆ ಹೋದವರೆಲ್ಲ ತಲೆಯೆತ್ತಿ ನೋಡುತ್ತಾರೆ, ಆಹಾ ಎನ್ನುತ್ತಾರೆ, ಫೋಟೋ ತೆಗೆದುಕೊಳ್ಳುತ್ತಾರೆ. ಇವಳು ಮಾತ್ರ ಮರಕ್ಕೆ ಮೂಗು ತಾಗುವಷ್ಟು ಹತ್ತಿರ ನಿಂತು ತೊಗಟೆ ನೋಡುತ್ತಾಳೆ, ಮೂಸುತ್ತಾಳೆ, ಉಗುರಿನಿಂದ ಕೆರೆದು ಬೆರಳನ್ನು ಬೆಳಕಿಗೆ ಹಿಡಿಯುತ್ತಾಳೆ. ಹಾಗೆ ನಿಂತವಳನ್ನು ಮೊದಲ ಸಲ ಕಂಡವರು, ಮರಕ್ಕೆ ಏನೋ ಗುಟ್ಟು ಹೇಳುತ್ತಿದ್ದಾಳೆ ಎಂದುಕೊಳ್ಳುತ್ತಿದ್ದರು. "ಏನಮ್ಮ, ಮರದ ಡಾಕ್ಟರಾ ನೀನು?" ಎಂದು ಕೇಳಿದವರಿಗೆ ಅವಳದು ಒಂದೇ ಉತ್ತರ: "ಅಯ್ಯೋ, ಡಾಕ್ಟರಲ್ಲಪ್ಪ, ಆಯಾ. ಮೈ ಒರೆಸೋದು, ಜ್ವರ ನೋಡೋದು, ಅಷ್ಟೇ."

ನರ್ಸರಿಯಲ್ಲಿ ಚೀಲಕ್ಕೆ ಮಣ್ಣು ತುಂಬುವ ಕೂಲಿಯಾಗಿ ಸೇರಿದವಳು. ಆಮೇಲೆ ಕಾಡಿಗೆ ಬೆಂಕಿ ಬೀಳದ ಹಾಗೆ ಕಾಯುವವಳಾದಳು, ಆಮೇಲೆ ಗಾರ್ಡ್. ಈಗ ನಿವೃತ್ತಿಗೆ ಸ್ವಲ್ಪವೇ ಬಾಕಿ. ಖಾಕಿ ಅಂಗಿಯ ಮೊಣಕೈ ಸವೆದಿದೆ, ಅದರೊಳಗಿನ ಮೊಣಕೈಯೂ ಸವೆದಿದೆ. ಮೂರು ಗುಡ್ಡದ ಪೈನ್ ಕಾಡು ಅವಳ ಪಾಲಿಗೆ. ಒಣಗಿದ ಮರ, ಬಾಗಿದ ಮರ, ಗಾಳಿಗೆ ಬಿದ್ದ ಮರ, ಕದ್ದು ಕಡಿದ ಮರ, ಇವನ್ನೆಲ್ಲ ನೋಡಿ ಬರುವಷ್ಟರಲ್ಲಿ ಸೂರ್ಯನಿಗೂ ಸುಸ್ತಾಗಿರುತ್ತಿತ್ತು. ಒಂದು ಕಾಲದಲ್ಲಿ ಇಬ್ಬರು ಮಾಡುತ್ತಿದ್ದ ಕೆಲಸ. ಇನ್ನೊಬ್ಬ ಗಾರ್ಡ್ ನಿವೃತ್ತನಾದ ಮೇಲೆ ಆ ಜಾಗಕ್ಕೆ ಯಾರೂ ಬರಲಿಲ್ಲ, ಅವನ ಕುರ್ಚಿಯ ಮೇಲೆ ಪೈಂಟ್ ಡಬ್ಬಗಳು ಬಂದು ಕೂತವು.

ಮನೆ ಸಾಮಿಲ್ಲಿನ ಹಿಂದೆ. ಎರಡು ಕೋಣೆ, ಒಂದು ಕಿಟಕಿ, ಕಿಟಕಿಯ ಅಂಚಿನಲ್ಲಿ ಎಷ್ಟು ಒರೆಸಿದರೂ ಮತ್ತೆ ಕೂರುವ ಮರದ ಹೊಟ್ಟು. ಗಂಡ ಅದೇ ಸಾಮಿಲ್ಲಿನಲ್ಲಿ ಗರಗಸಕ್ಕೆ ಹಲ್ಲು ಮಸೆಯುವವನು. ಆ ಸದ್ದಿನಲ್ಲಿ ಅವನ ಕಿವಿ ಅರ್ಧ ಹೋಗಿತ್ತು, ಹಾಗಾಗಿ ಆ ಮನೆಯಲ್ಲಿ ಪ್ರೀತಿಯ ಮಾತನ್ನೂ ಜಗಳದ ದನಿಯಲ್ಲೇ ಆಡಬೇಕಿತ್ತು. "ನೀನು ಸಾಕ್ತೀಯ, ನಾನು ಸೀಳ್ತೀನಿ. ದೇವರು ಚೆನ್ನಾಗೇ ಜೋಡಿ ಹಾಕಿದ್ದಾನೆ," ಎಂದು ಅವನು ನಗುತ್ತಿದ್ದ. ಸಂಜೆ ಅವಳು ಹೊಸ್ತಿಲಿನಲ್ಲಿ ಬೂಟು ಕಳಚುತ್ತಾ ಒಂದು ಗಳಿಗೆ ಹೆಚ್ಚು ಕೂತರೆ, "ಏನಾಯ್ತೇ?" ಎಂದು ಕೂಗುತ್ತಿದ್ದ. "ಏನಿಲ್ಲ ರೀ," ಎಂದು ಇವಳೂ ಕೂಗುತ್ತಿದ್ದಳು. ಆ ಎರಡು ಶಬ್ದ ಅವಳಿಗೆ ಬಾಯಿಪಾಠವಾಗಿತ್ತು. ಮಂಡಿ ಊದಿದರೂ ಏನಿಲ್ಲ, ಜ್ವರ ಬಂದರೂ ಏನಿಲ್ಲ. ಮರಕ್ಕೆ ಬಂದ ರೋಗವನ್ನು ಊರೆಲ್ಲ ಸಾರುವ ಹೆಂಗಸು ತನ್ನ ನೋವನ್ನು ನುಂಗಿಕೊಂಡೇ ಮುದುಕಿಯಾದಳು. ಇದಕ್ಕೆ ಏನನ್ನಬೇಕೋ ನನಗಂತೂ ತಿಳಿಯದು, ಜಾಣತನ ಅನ್ನಲಾರೆ.

ಆ ವರ್ಷ ಮೇಲಿನ ಗುಡ್ಡಕ್ಕೆ ತೊಗಟೆ ದುಂಬಿ ಬಿತ್ತು. ಅಕ್ಕಿಕಾಳಿಗಿಂತ ಚಿಕ್ಕ ಹುಳು. ತೊಗಟೆ ಕೊರೆದು ಒಳಗೆ ಹೋಗಿ ಮೊಟ್ಟೆಯಿಡುತ್ತದೆ, ಮರಿಗಳು ಒಳಗೊಳಗೇ ಸುರಂಗ ತೋಡುತ್ತಾ ಮರದ ಜೀವರಸ ಹರಿಯುವ ದಾರಿಯನ್ನೆಲ್ಲ ಕತ್ತರಿಸಿಬಿಡುತ್ತವೆ. ಮೇಲಿಂದ ನೋಡಿದರೆ ಮರ ಹಸಿರಾಗಿಯೇ ಇರುತ್ತದೆ. ಅದಕ್ಕೆ ತಾನು ಸತ್ತಿದ್ದು ಗೊತ್ತಾಗುವುದೇ ತಡವಾಗಿ. ಮರಿಗಳಿಗೆ ರೆಕ್ಕೆ ಬಲಿತ ದಿನ ತೊಗಟೆಗೆ ತೂತು ಹೊಡೆದುಕೊಂಡು ಪಕ್ಕದ ಮರಕ್ಕೆ ಹಾರುತ್ತವೆ. ಹಾಗೆ ಮರದಿಂದ ಮರಕ್ಕೆ ಹಾರುತ್ತಾ ಹುಳು ಗುಡ್ಡ ಇಳಿಯತೊಡಗಿತ್ತು.

ಗುಡ್ಡದ ಬುಡದಲ್ಲಿ ಅವಳ ತಮ್ಮನ ತೋಪು. ಸೈಕಲ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದ ತಮ್ಮನಿಗೆ ಅಮ್ಮನಿಂದ ಬಂದದ್ದೆಂದರೆ ಒಂದು ಮನೆ, ಅದರ ಹಿಂದೆ ಆ ತೋಪು. ಒಂದು ಕಾಲಕ್ಕೆ ಅದು ಕಲ್ಲು ಬಿಟ್ಟರೆ ಬೇರೇನೂ ಇಲ್ಲದ ಬೋಳು ಇಳಿಜಾರು. ನರ್ಸರಿಯಲ್ಲಿ ಸೊಟ್ಟಗಿವೆ ಎಂದು ಬಿಸಾಕಿದ ಸಸಿಗಳನ್ನು ಇವಳು ಬುಟ್ಟಿಯಲ್ಲಿ ತರುತ್ತಿದ್ದಳು, ಅಮ್ಮ ನೆಡುತ್ತಿದ್ದಳು, ತಮ್ಮ ನೀರು ಹೊರುತ್ತಿದ್ದ. ಬದುಕಿದರೆ ಬದುಕಲಿ ಎಂದು ನೆಟ್ಟ ಆ ಸೊಟ್ಟ ಸಸಿಗಳು ಸೆಟೆದುಕೊಂಡು ನೆಟ್ಟಗೆ ಬೆಳೆದವು. ಪಾಲು ಮಾಡುವಾಗ, "ನನಗೆ ಮೂರು ಗುಡ್ಡ ಇದೆಯಲ್ಲೋ, ಇದು ನಿನಗಿರಲಿ," ಎಂದು ಅವಳೇ ಬಿಟ್ಟುಕೊಟ್ಟಿದ್ದಳು. ತಮ್ಮ ಅದರಲ್ಲಿ ಒಂದು ಕೊಂಬೆಯನ್ನೂ ಕಡಿದವನಲ್ಲ. ರಜೆಯ ದಿನ ಬೆಳಗ್ಗೆ ಅಲ್ಲಿ ಹೋಗಿ ಸುಮ್ಮನೆ ಕೂತು ಬರುತ್ತಿದ್ದ. ಅವನ ಹೆಂಡತಿ, "ಇವರಿಗೆ ನಾನು ಎರಡನೇ ಸಂಸಾರ," ಎಂದು ತಮಾಷೆ ಮಾಡುತ್ತಿದ್ದಳು.

ಅಂಥವನ ಅಂಗಡಿಗೆ ಹೋಗಿ ತೊಗಟೆಯಕ್ಕ ನಿಂತಳು. ಅವನು ಟ್ಯೂಬನ್ನು ನೀರಿನ ಬಾನಿಯಲ್ಲಿ ಅದ್ದಿ ಗುಳ್ಳೆ ಎಲ್ಲಿ ಬರುತ್ತದೆ ಎಂದು ನೋಡುತ್ತಿದ್ದ.

"ನಿನ್ನ ತೋಪಲ್ಲಿ ಎಂಟು ಮರ ಬೇಕು ಕಣೋ," ಎಂದಳು.

"ಯಾವ ಎಂಟು?"

"ಚೆನ್ನಾಗಿರೋದು."

ತಮ್ಮ ಟ್ಯೂಬನ್ನು ನೀರಿನಿಂದ ಎತ್ತಿದ. "ಹುಳ ಬಿದ್ದಿರೋದು ಸರ್ಕಾರದ ಕಾಡಿಗೆ. ಕಡಿಯೋದು ನನ್ನ ಮರ. ಇದ್ಯಾವ ಊರ ನ್ಯಾಯ ಅಕ್ಕ?"

ಅವಳು ಎಣ್ಣೆಯ ಡಬ್ಬ ಸರಿಸಿ ಸ್ಟೂಲಿನ ಮೇಲೆ ಕೂತು ಹೇಳಿದಳು. ಹಸಿ ಮರ ಕಡಿದು ಅಲ್ಲೇ ಉರುಳಿಸಿದರೆ ಅದರ ಅಂಟಿನ ವಾಸನೆಗೆ ದುಂಬಿಗಳೆಲ್ಲ ಓಡಿ ಬರುತ್ತವೆ. ನಿಂತ ಮರ ಅಂಟು ಕಾರಿ ಹುಳವನ್ನು ತಳ್ಳುತ್ತದೆ, ಬಿದ್ದ ಮರಕ್ಕೆ ಆ ಕಸುವಿಲ್ಲ. ಹುಳಕ್ಕೆ ಬೇಕಾದ್ದೂ ಅದೇ. ಎಲ್ಲವೂ ಅಲ್ಲೇ ಸೇರಿ ಮೊಟ್ಟೆಯಿಡುತ್ತವೆ. ಮರಿ ಬಲಿಯುವ ಮೊದಲು ಆ ಮರಗಳನ್ನು ಎಳೆದು ಸಾಗಿಸಿಬಿಟ್ಟರೆ ಹುಳದ ವಂಶವೇ ನಿರ್ವಂಶ. ಅವಳ ಕಸುಬಿನವರು ಅದನ್ನು ಬಲಿಮರ ಎನ್ನುತ್ತಿದ್ದರು. ಮೇಲಿನ ಕಾಡಿಗೂ ಕೆಳಗಿನ ಕಾಡಿಗೂ ನಡುವೆ ಇರುವುದು ಈ ತೋಪೊಂದೇ, ಬಲಿ ಇಡಬೇಕಾದ್ದು ಇಲ್ಲೇ.

"ಸರಿಯಾದ ಹೊತ್ತಿಗೆ ಸಾಗಿಸದೆ ಹೋದ್ರೆ?" ತಮ್ಮ ಕೇಳಿದ.

"ಸಾಗಿಸ್ತೀನಿ."

"ಸಾಗಿಸದೆ ಹೋದ್ರೆ ಅಂತ ಕೇಳಿದ್ದು."

ಸುಳ್ಳು ಹೇಳಲು ಅವಳಿಗೆ ಬರುತ್ತಿರಲಿಲ್ಲ. "ಹುಳಕ್ಕೆ ನಾವೇ ತೊಟ್ಟಿಲು ಕಟ್ಟಿದ ಹಾಗಾಗುತ್ತೆ. ಮೊದಲು ತಿನ್ನೋದು ನಿನ್ನ ತೋಪನ್ನೇ."

ತಮ್ಮ ಟ್ಯೂಬನ್ನು ಒರೆಸಿದ. ಪಂಕ್ಚರ್ ತೂತಿನ ಸುತ್ತ ಉಜ್ಜಿ ಉಜ್ಜಿ, ತೇಪೆ ಅಂಟಿಸಿ, ಸುತ್ತಿಗೆಯಲ್ಲಿ ಎರಡು ಏಟು ಹೊಡೆದ. "ಇಲಾಖೆಯವರು ಬಂದು ಕೇಳಿದ್ರೆ ಒಂದು ಕಡ್ಡೀನೂ ಕೊಡ್ತಿರಲಿಲ್ಲ. ನೀನು ಮಾತು ಕೊಡ್ತೀಯಾ?"

"ಕೊಟ್ಟೆ," ಎಂದಳು.

ಮರಗಳು ಉರುಳಿದವು. ತಮ್ಮ ಆ ದಿನ ಅಂಗಡಿಯಿಂದ ಆಚೆ ಬರಲೇ ಇಲ್ಲ. ಹತ್ತು ದಿನದಲ್ಲಿ ತೊಗಟೆಯ ಮೇಲೆಲ್ಲ ಕಾಫಿಪುಡಿಯಂಥ ಕಂದು ಹೊಟ್ಟು ಕಾಣಿಸಿಕೊಂಡಿತು. ಅಂದರೆ ಹುಳು ಬಂದು ಸೇರಿತು. ತೊಗಟೆಯಕ್ಕನಿಗೆ ಬಹಳ ದಿನದ ಮೇಲೆ ಒಂದು ಸಮಾಧಾನ. ಇನ್ನು ಇಲಾಖೆಯ ಟ್ರ್ಯಾಕ್ಟರ್ ಬಂದು ಸರಪಳಿ ಹಾಕಿ ಎಳೆದುಕೊಂಡು ಹೋದರೆ ಮುಗಿಯಿತು.

ಆದರೆ ಟ್ರ್ಯಾಕ್ಟರಿಗೆ ಅದಕ್ಕಿಂತ ಘನವಾದ ಕೆಲಸ ಬಂದಿತ್ತು. ಯಾರೋ ದೊಡ್ಡವರು ಬಂದು ಹೆದ್ದಾರಿ ಪಕ್ಕದಲ್ಲಿ ಗಿಡ ನೆಡುವವರಿದ್ದರು. ಗಿಡ ನೆಡುವುದೆಂದರೆ ಗುಂಡಿ ತೋಡಿ ಸಸಿ ಇಡುವುದೆಂದು ತಿಳಿದವರು ಪಾಪದವರು. ಅದಕ್ಕೆ ವೇದಿಕೆ ಬೇಕು, ವೇದಿಕೆಗೆ ಹಲಗೆ ಬೇಕು, ಕುರ್ಚಿ ಬೇಕು, ಧೂಳು ಏಳದ ಹಾಗೆ ನೀರು ಚಿಮುಕಿಸಬೇಕು. ಹೋದ ವರ್ಷ ಅಲ್ಲೇ ನೆಟ್ಟವು ಒಣಗಿ ನಿಂತಿದ್ದವಲ್ಲ, ಅವನ್ನು ಯಾರ ಕಣ್ಣಿಗೂ ಬೀಳದ ಹಾಗೆ ಕಿತ್ತು ಸಾಗಿಸಬೇಕು. ಇಷ್ಟಕ್ಕೂ ಇದ್ದದ್ದು ಒಂದು ಟ್ರ್ಯಾಕ್ಟರ್.

ಗಾಡಿ ಕೇಳಲು ಅವಳು ಅರಣ್ಯ ವಲಯದ ಸಾಹೇಬರ ಹತ್ತಿರ ಹೋದಳು. ಅವರು ಕೆಟ್ಟವರಲ್ಲ. ವಯಸ್ಸಿನಲ್ಲಿ ಅವಳ ಮಗನ ಹಾಗೆ; ಮನೆಯಲ್ಲಿ ಕೂಸು ರಾತ್ರಿಯೆಲ್ಲ ಅಳುತ್ತಿತ್ತಂತೆ, ಕಣ್ಣು ಕೆಂಪಗಿತ್ತು. ಮೇಜಿನ ಮೇಲೆ ಎರಡು ಫೋನು ಒಟ್ಟಿಗೆ ಬಡಿದುಕೊಳ್ಳುತ್ತಿದ್ದವು. ಎರಡನ್ನೂ ಬೋರಲು ಹಾಕಿ ಕೇಳಿದರು: "ಹುಳ ಯಾವ ಸ್ಥಿತಿಯಲ್ಲಿದೆ ಅಮ್ಮ?"

"ಇನ್ನೂ ಬಿಳಿ ಸಾರ್."

"ಬಿಳಿ ಅಂದ್ರೆ ಇನ್ನೊಂದು ವಾರ ತಡೆಯುತ್ತೆ, ಅಲ್ವಾ? ಕಂದು ತಿರುಗಿದೆ ಅಂತ ನೀವು ಒಂದು ಮಾತು ಹೇಳಿ, ಯಾರ ಕೈಕಾಲು ಹಿಡಿದಾದ್ರೂ ಇವತ್ತೇ ಗಾಡಿ ಕಳಿಸ್ತೀನಿ. ನೀವು ದಿನಾ ನೋಡ್ತಿದ್ದೀರಲ್ಲ?"

"ನೋಡ್ತಿದ್ದೀನಿ ಸಾರ್," ಎಂದಳು.

ನೋಡುತ್ತಿದ್ದಳು, ಅದು ನಿಜ. ದಿನವೂ ಸಂಜೆ, ಮೂರು ಗುಡ್ಡ ಸುತ್ತಿ ಇಳಿದು ಬರುವಾಗ, ತೋಪಿನ ಕಾಲುದಾರಿಗೆ ಮೊದಲು ಸಿಗುವ ಬಲಿಮರದ ಹತ್ತಿರ ನಿಂತು ಅಂಗೈಯಗಲ ತೊಗಟೆ ಎಬ್ಬಿಸಿ ನೋಡುತ್ತಿದ್ದಳು. ಅಲ್ಲಿ ಬಿಳಿ ಮರಿಗಳು ಮಿಸುಕಾಡುತ್ತಿದ್ದವು. ಬಿಳಿ ಇದ್ದರೆ ಭಯವಿಲ್ಲ, ರೆಕ್ಕೆ ಬಲಿಯುವ ಹೊತ್ತಿಗೆ ಕಂದು ತಿರುಗುತ್ತವೆ. ಬಿಸಿಲಿಗೆ ಬಿದ್ದರೆ ಸತ್ತುಹೋಗುತ್ತವೆ. ಉಳಿದ ಮರಗಳನ್ನು ನೋಡಲು ಇನ್ನೊಂದು ಏರು ಹತ್ತಬೇಕಿತ್ತು. ಮಂಡಿ ಬೇಡ ಎನ್ನುತ್ತಿತ್ತು. ಎಂಟೂ ಒಂದೇ ದಿನ ಉರುಳಿದ ಮರ, ಹುಳ ಬಂದದ್ದೂ ಒಂದೇ ವಾರ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕಲ್ಲವೇ ಎಂದುಕೊಂಡು ಅವಳು ಮನೆಯ ದಾರಿ ಹಿಡಿಯುತ್ತಿದ್ದಳು.

ದೊಡ್ಡವರ ಕಾರ್ಯಕ್ರಮ ಮುಂದಕ್ಕೆ ಹೋಯಿತು. ಟ್ರ್ಯಾಕ್ಟರ್ ವೇದಿಕೆಯ ಪಕ್ಕದಲ್ಲೇ ನಿಂತಿತು. ಇನ್ನು ಇದನ್ನು ನಂಬಿ ಕೂತರೆ ಆಗುವುದಿಲ್ಲ ಎಂದು ತೊಗಟೆಯಕ್ಕ ಹಳೆಯ ದಾರಿ ಹಿಡಿದಳು. ಮರ ಸಾಗಿಸಲಾಗದಿದ್ದರೆ ಬಿದ್ದಲ್ಲೇ ಅದರ ತೊಗಟೆ ಸುಲಿಯುವುದು. ಉದ್ದ ಹಿಡಿಯ ಸಲಿಕೆಯಂಥದ್ದನ್ನು ತೊಗಟೆಯ ಅಡಿಗೆ ನೂಕಿ ನೂಕಿ ಎಬ್ಬಿಸಬೇಕು. ಹರೆಯದವರ ಬೆನ್ನನ್ನೂ ಮುರಿಯುವ ಕೆಲಸ. ಗಂಡ ಎರಡು ಸಲಿಕೆಗಳ ಬಾಯನ್ನು ಕ್ಷೌರದ ಕತ್ತಿಯ ಹಾಗೆ ಮಸೆದುಕೊಟ್ಟ. ಮಸೆದುಕೊಟ್ಟವನು ರಜೆ ಹಾಕಿ ತಾನೂ ಬಂದ.

ತಮ್ಮ ಅಂಗಡಿಗೆ ಬಾಗಿಲು ಹಾಕಿ ಬಂದ. ಅವನ ಹೆಂಡತಿ ನೀರು ತಂದಳು, ಒಂದು ಹಳೆಯ ತಾಡಪಾಲು ತಂದಳು. ಕೆಳಗಿನ ಮರದಿಂದ ಶುರು ಮಾಡಿದರು. ಹಸಿ ತೊಗಟೆ ಜಪ್ಪಯ್ಯ ಎಂದರೂ ಬಿಡುತ್ತಿರಲಿಲ್ಲ. ಅಂಟು ಕೈಗೆ ಹತ್ತಿ, ಆ ಕೈಗೆ ಧೂಳು ಹತ್ತಿ, ಬೆರಳು ಮಡಿಚಿದರೆ ಬಿಡಿಸಲಾಗದು. ಸುಲಿದ ತೊಗಟೆಯನ್ನು ಮಗುಚಿ ಬಿಸಿಲಿಗೆ ಹಾಕಿದಾಗ ಬಿಳಿ ಮರಿಗಳು ಅಲ್ಲೇ ಮುದುಡಿಕೊಂಡವು.

"ನೋಡಿ ಭಾವ, ಇದೇ ನಿಮ್ಮ ಮಿಲ್ಲಿನ ಮಿಷಿನ್ನಲ್ಲಾಗಿದ್ರೆ ಒಂದು ನಿಮಿಷ," ಎಂದು ತಮ್ಮ ಕೂಗಿದ.

"ಮಿಲ್ಲಲ್ಲಿ ಹೆಂಡತಿ ಬೈಯಲ್ಲ, ಅದೊಂದೇ ಕಮ್ಮಿ," ಎಂದ ಭಾವ. ಎಲ್ಲರೂ ನಕ್ಕರು. ತೊಗಟೆಯಕ್ಕನೂ ನಕ್ಕಳು. ಕೊಟ್ಟ ಮಾತು ಉಳಿಯುತ್ತಿದೆ ಎಂಬ ಹಗುರ ಅವಳ ಎದೆಗೆ ಬಂದಿತ್ತು. ಬೆನ್ನು ಮಾತ್ರ ಎರಡು ತುಂಡಾಗಿತ್ತು. ಮನೆಗೆ ಹೋಗಿ ಗೋಡೆಗೊರಗಿ ಕೂತವಳಿಗೆ ಕೂತಲ್ಲೇ ನಿದ್ದೆ ಹತ್ತಿತು. ಗಂಡ ಕೇಳಲಿಲ್ಲ, ಇವಳೂ ಏನಿಲ್ಲ ಎನ್ನಲಿಲ್ಲ.

ಮೂರನೆಯ ದಿನ ಕೆಳಗಿನ ಐದು ಮರ ಮುಗಿದವು. ಉಳಿದ ಮೂರು ಏರಿನ ಮೇಲೆ, ಬಂಡೆಯ ಪಕ್ಕದ ಬಯಲಿನಲ್ಲಿ. ತಮ್ಮ ಸಲಿಕೆ ಹೆಗಲಿಗಿಟ್ಟುಕೊಂಡು ಮೊದಲು ಹತ್ತಿಹೋದ. ಇವಳು ಕೆಳಗೆ ಬಾಟಲಿ ಎತ್ತಿ ನೀರು ಕುಡಿಯುತ್ತಿದ್ದಳು. ಮೇಲಿಂದ ಅವನ ಕೂಗು ಕೇಳಿತು, ಖುಷಿಯ ಕೂಗು.

"ಅಕ್ಕಾ! ಇಲ್ಲಿ ತೊಗಟೆ ತಾನಾಗೇ ಕಳಚಿ ಬರ್ತಿದೆ! ಸಲಿಕೆನೇ ಬೇಡ, ಕೈಯಲ್ಲಿ ಎಳೆದ್ರೆ ಸಾಕು!"

ಬಾಟಲಿ ಅವಳ ಕೈಯಲ್ಲೇ ನಿಂತಿತು. ತೊಗಟೆ ತಾನಾಗಿ ಯಾವಾಗ ಕಳಚುತ್ತದೆ ಎಂದು ಅವಳಿಗೆ ಗೊತ್ತಿತ್ತು. ಒಳಗಿನದನ್ನೆಲ್ಲ ತಿಂದು ಮುಗಿಸಿದ ಮೇಲೆ.

ಮಂಡಿಯ ಮೇಲೆ ಕೈಯೂರಿಕೊಂಡು ಹತ್ತಿದಳು. ನಡುಹಗಲು ಕೂಡ ಆಗಿರಲಿಲ್ಲ, ಬಂಡೆಯ ಕಾವು ಆಗಲೇ ಮುಖಕ್ಕೆ ಬಡಿಯುತ್ತಿತ್ತು. ಕೆಳಗಿನ ಮರಗಳು ಬಿದ್ದದ್ದು ಇಳಿಜಾರಿನ ನೆರಳಿನಲ್ಲಿ, ಈ ಮೂರು ಬಿದ್ದದ್ದು ಇಡೀ ದಿನದ ಬಿಸಿಲಿನಲ್ಲಿ. ಕಾವು ಹೆಚ್ಚಿದ್ದಲ್ಲಿ ಮರಿ ಬೇಗ ಬಲಿಯುತ್ತದೆ. ಇದು ಅವಳು ಹೊಸದಾಗಿ ಕಲಿಯಬೇಕಾದ ವಿದ್ಯೆಯಲ್ಲ. ಹೊಸದಾಗಿ ಸೇರಿದ ಗಾರ್ಡುಗಳಿಗೆ ಅವಳೇ ಎಷ್ಟೋ ಸಲ ಹೇಳಿಕೊಟ್ಟ ಮಾತು. ಮರದ ಮೈಮೇಲೆಲ್ಲ ಸೂಜಿಯಿಂದ ಚುಚ್ಚಿದಂಥ ತೂತುಗಳು. ಎಬ್ಬಿಸಿದ ತೊಗಟೆಯ ಒಳಗೆ ಸುರಂಗಗಳು ಮಾತ್ರ ಇದ್ದವು, ಒಳಗೆ ಒಂದು ಜೀವವೂ ಇರಲಿಲ್ಲ. ಹುಳು ಹಾರಿ ದಿನಗಳೇ ಆಗಿದ್ದವು.

ಅವಳು ತಮ್ಮನ ಮುಖ ನೋಡದೆ ಸುತ್ತ ನಿಂತ ಮರಗಳ ಹತ್ತಿರ ಹೋದಳು. ಒಂದೊಂದರ ಬುಡದಲ್ಲೂ ಬಗ್ಗಿ ನೋಡಿದಳು. ಬೇರಿನ ಸಂದಿಯಲ್ಲಿ, ಜೇಡರ ಬಲೆಯ ಮೇಲೆ, ತೊಗಟೆಯ ಬಿರುಕಿನಲ್ಲಿ ಹೊಸ ಕಂದು ಹೊಟ್ಟು. ಆ ಮರದಲ್ಲೂ, ಆಚೆಯದರಲ್ಲೂ, ಅದರ ಆಚೆಯದರಲ್ಲೂ.

ಅಷ್ಟರಲ್ಲಿ ತಮ್ಮನಿಗೂ ಅರ್ಥವಾಗಿತ್ತು. ಎಳೆದ ತೊಗಟೆ ಇನ್ನೂ ಅವನ ಕೈಯಲ್ಲೇ ಇತ್ತು. ಅದನ್ನು ಬಂಡೆಗೆ ಬೀಸಿ ಒಗೆದ. "ಆ ಟ್ರ್ಯಾಕ್ಟರಿನ ಮನೆ ಹಾಳಾಗ! ಒಂದು ವಾರ ಮೊದಲು ಬಂದಿದ್ರೆ ಇವರ ಗಂಟೇನು ಹೋಗ್ತಿತ್ತು? ಇವರ ಫೋಟೋಗೆ, ಇವರ ಹಾಳು ವೇದಿಕೆಗೆ ನನ್ನ ತೋಪು ಹೋಯ್ತಲ್ಲ ಅಕ್ಕ!"

ಗಂಡ ಏದುಸಿರು ಬಿಡುತ್ತಾ ಹತ್ತಿಬಂದು, ಅರ್ಧ ಕೇಳಿಸಿಕೊಂಡು, "ಸರಿಯಾಗಿ ಹೇಳಿದೆ. ಅವರದ್ದೇ ತಪ್ಪು," ಎಂದ.

ಒಪ್ಪಿಕೊಂಡುಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಊರೆಲ್ಲ ಒಪ್ಪುತ್ತಿತ್ತು. ಟ್ರ್ಯಾಕ್ಟರ್ ಬರದಿದ್ದದ್ದು ಸುಳ್ಳಲ್ಲ, ವೇದಿಕೆ ಸುಳ್ಳಲ್ಲ, ಬೈಯಿಸಿಕೊಳ್ಳಲು ಅರ್ಹರಾದವರೂ ಬೇಕಾದಷ್ಟಿದ್ದರು. ಅವಳಿಗೆ ಬೇರೇನೂ ಬೇಕಿರಲಿಲ್ಲ, ಒಂದು ಕಡೆ ಮಲಗಿದರೆ ಸಾಕಿತ್ತು. ಸುಳ್ಳು ಹೇಳುವ ಶ್ರಮವೂ ಇರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

"ಟ್ರ್ಯಾಕ್ಟರಲ್ಲ ಕಣೋ," ಎಂದಳು. "ನಾನು."

ತಮ್ಮ ತಿರುಗಿ ನೋಡಿದ.

"ಕಂದು ಆಗಿದ್ರೆ ಹೇಳಿ, ಅವತ್ತೇ ಗಾಡಿ ಕಳಿಸ್ತೀನಿ ಅಂದಿದ್ರು ಸಾಹೇಬ್ರು. ನಾನು ಬಿಳಿ ಅಂದೆ. ಕೆಳಗಿನ ಮರ ಒಂದನ್ನೇ ನೋಡಿ ಹೇಳ್ದೆ. ಒಂದು ದಿನವೂ ಇಲ್ಲಿಗೆ ಹತ್ತಲಿಲ್ಲ." ಅವಳ ದನಿ ಎಲ್ಲೂ ಏರಲಿಲ್ಲ, ಇಳಿಯಲಿಲ್ಲ. "ಮಂಡಿ ಕೇಳ್ತಿರಲಿಲ್ಲ. ಹತ್ತೋಕೆ ಆಗ್ತಿರಲಿಲ್ಲ. ನಿನಗೆ ಕೊಟ್ಟ ಮಾತು ನಾನೇ ಕೆಡಿಸ್ದೆ."

ಹಿಂದೆಯೇ ಹತ್ತಿಬಂದಿದ್ದ ತಮ್ಮನ ಹೆಂಡತಿ ತಾಡಪಾಲನ್ನು ಮಡಿಚುತ್ತಿದ್ದವಳು ಹಾಗೇ ನಿಂತಳು. ತಮ್ಮ ಬೈಯುತ್ತಾನೆ ಎಂದು ತೊಗಟೆಯಕ್ಕ ಕಾದಳು. ಬೈದರೆ ಸ್ವಲ್ಪ ಹಗುರವಾಗುತ್ತಿತ್ತು. ಅವನು ಬಿದ್ದ ಮರದ ಮೇಲೆ ಕೂತು, ಅಂಟು ಹತ್ತಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿದ. ಬಹಳ ಹೊತ್ತು ಒರೆಸಿದ.

"ಈಗ ಎಷ್ಟು ಹೋಗುತ್ತೆ?" ಎಂದು ಕೇಳಿದ.

"ಈ ಏರಿನದ್ದೆಲ್ಲ ಹೋಗುತ್ತೆ. ಈ ವಾರವೇ ಕಡಿದು ಸಾಗಿಸಿದ್ರೆ ಕೆಳಗಿಂದು ಉಳಿಯುತ್ತೆ." ಸ್ವಲ್ಪ ತಡೆದು ಹೇಳಿದಳು: "ಅಮ್ಮ ಮೊದಲು ನೆಟ್ಟಿದ್ದು ಈ ಏರಲ್ಲೇ."

"ಗೊತ್ತು. ನೀರು ಹೊತ್ತೋನು ನಾನು."

ಚೀಲದಿಂದ ಅವಳು ಕೆಂಪು ಬಣ್ಣದ ಡಬ್ಬ, ಬ್ರಷ್ ತೆಗೆದಳು. ಕಡಿಯುವ ಮರಕ್ಕೆ ಎದೆಯೆತ್ತರದಲ್ಲಿ ಒಂದು ಪಟ್ಟಿ, ಬುಡದಲ್ಲಿ ಒಂದು ಪಟ್ಟಿ ಬಳಿಯಬೇಕು. ಕಡಿದ ಮೇಲೂ ಬುಡದ ಗುರುತು ಉಳಿದಿರಬೇಕಲ್ಲ, ಅದಕ್ಕೆ. ಮೊದಲ ಮರದ ಎದೆಗೆ ಬಳಿದಳು. ಬುಡಕ್ಕೆ ಬಳಿಯಲು ಬಗ್ಗಿದವಳಿಗೆ ಏಳಲು ಆಗಲಿಲ್ಲ. ಮರವನ್ನೇ ಹಿಡಿದುಕೊಂಡು ಅಲ್ಲೇ ನಿಂತಳು, ಅರ್ಧ ಬಗ್ಗಿ, ಅರ್ಧ ಎದ್ದು. ಗಂಡ ಬರುವಷ್ಟರಲ್ಲಿ ತಮ್ಮ ಬಂದು ರಟ್ಟೆ ಹಿಡಿದು ಎತ್ತಿದ.

"ಮಂಡಿ ನೋವು ಅಂತ ಒಂದು ಮಾತು ಹೇಳೋಕೆ ಆಗಲಿಲ್ವಾ ಅಕ್ಕ?" ಅದು ಸಿಟ್ಟೋ ದುಃಖವೋ ಅವನಿಗೇ ತಿಳಿಯದು. "ನನ್ನ ಮನೆ ಇಲ್ಲೇ ಕೆಳಗಿತ್ತಲ್ಲ. ದಿನಾ ಹತ್ತಿ ನೋಡು ಅಂದಿದ್ರೆ ನಾನು ನೋಡ್ತಿರಲಿಲ್ವಾ? ನನ್ನ ಮರ ಕೇಳೋಕೆ ಬಂದೆ. ನನ್ನನ್ನೇ ಕೇಳೋಕೆ ಬರಲಿಲ್ಲ."

ಅವಳಿಗೆ ಏನಿಲ್ಲ ಎಂಬ ಮಾತು ಬಾಯಿಗೆ ಬಂತು. ಅದು ಅಲ್ಲೇ ನಿಂತಿತು.

"ಸುಸ್ತಾಗಿದೆ ಕಣೋ," ಎಂದಳು. "ತುಂಬಾ ದಿನದಿಂದ."

ತಮ್ಮ ಅವಳನ್ನು ಬಿದ್ದ ಮರದ ಮೇಲೆ ಕೂರಿಸಿದ. ಅವನ ಹೆಂಡತಿ ಬಂದು ಪಕ್ಕದಲ್ಲಿ ಕೂತು ಅತ್ತಿಗೆಯ ಬೂಟಿನ ದಾರ ಸಡಿಲಿಸಿದಳು. ತಮ್ಮ ಡಬ್ಬ ಎತ್ತಿಕೊಂಡು, ಬ್ರಷ್ಷನ್ನು ಅದರ ಅಂಚಿಗೆ ಒತ್ತಿ ಹೆಚ್ಚಿನ ಬಣ್ಣ ಸೋರಿಸಿದ.

"ಕೂತಲ್ಲಿಂದಲೇ ತೋರಿಸು. ನಾನು ಬಳೀತೀನಿ," ಎಂದ.

ಅವಳು ಬೆರಳು ತೋರಿಸಿದ ಮರಕ್ಕೆಲ್ಲ ಅವನು ಎದೆಗೊಂದು, ಬುಡಕ್ಕೊಂದು ಪಟ್ಟಿ ಬಳಿಯುತ್ತಾ ಹೋದ. ಯಾಕೆ ಎಂದು ಒಂದು ಮರದ ವಿಷಯದಲ್ಲೂ ಕೇಳಲಿಲ್ಲ.